ಮಳೆಯಲ್ಲಿ ನಿಧಾನ ಹೋಗುವವನಿಗೆ ಒಂದು ಬೋರ್ಡಿನ ಆಸರೆ ಕೊಡಿ

ಚಿಕ್ಕಬಳ್ಳಾಪುರದ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ. ನಾನು ಶಿಡ್ಲಘಟ್ಟ ತಾಲ್ಲೂಕಿನವನು. ಹದಿಮೂರು ವರ್ಷದಿಂದ ಬೊಲೆರೊ ಪಿಕಪ್ ಓಡಿಸುತ್ತಿದ್ದೇನೆ. ಸೇವಂತಿಗೆ, ಟೊಮೆಟೊ, ದ್ರಾಕ್ಷಿ, ರೇಷ್ಮೆಗೂಡು, ಯಾವ ಬಾಡಿಗೆ ಸಿಕ್ಕಿದರೆ ಅದು. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ತಾವೇ ಅಧ್ಯಕ್ಷರು, ಅದಕ್ಕೇ ಈ ಪತ್ರ ತಮಗೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ನಾಲ್ಕು ವರ್ಷದ ಹಿಂದಿನ ಮಾತು, ಅಕ್ಟೋಬರ್ ತಿಂಗಳು. ಚಿಕ್ಕಬಳ್ಳಾಪುರದಲ್ಲಿ ಲೋಡು ಇಳಿಸಿ ಖಾಲಿ ಗಾಡಿಯಲ್ಲಿ ಊರಿಗೆ ವಾಪಸ್ ಬರುತ್ತಿದ್ದೆ. ಸಂಜೆ ಆರು ಗಂಟೆ. ಅರ್ಧ ಗಂಟೆ ಜೋರು ಮಳೆ ಸುರಿದು ಆಗಷ್ಟೇ ಬಿಟ್ಟಿತ್ತು. ಮಳೆ ನಿಂತಿತಲ್ಲ ಎಂದು 75ರಲ್ಲಿ ಹೋಗುತ್ತಿದ್ದೆ. ಟಿವಿಎಸ್ ಮೇಲೆ ಸೀಮೆಹುಲ್ಲಿನ ಹೊರೆ ಹೇರಿಕೊಂಡು ಒಬ್ಬರು ತೋಟದ ದಾರಿಯಿಂದ ರಸ್ತೆಗೆ ಬಂದರು. ಬ್ರೇಕ್ ಒತ್ತಿದೆ. ಗಾಡಿ ನಿಲ್ಲಲಿಲ್ಲ. ಹಿಂದಿನ ಭಾಗ ಪಕ್ಕಕ್ಕೆ ತಿರುಗಿಕೊಂಡಿತು. ಖಾಲಿ ಪಿಕಪ್ಪಿಗೆ ಹಿಂದುಗಡೆ ತೂಕ ಇರುವುದಿಲ್ಲ, ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಬೇಗ ಜಾರುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಓಡಿಸಿದೆ. ಬಾಡಿಯ ಮೂಲೆ ಅವರಿಗೆ ತಗುಲಿ ಕಾಲಿನ ಮೂಳೆ ಮುರಿಯಿತು. ಏಳು ತಿಂಗಳು ಅವರ ಮನೆಯಲ್ಲಿ ಹಸುಗಳನ್ನು ನೋಡಿಕೊಂಡದ್ದು ಅವರ ಹೆಂಡತಿ ಒಬ್ಬರೇ. ಈಗಲೂ ಅವರು ಕುಂಟುತ್ತಾರೆ. ನಾನು ತಲೆ ತಗ್ಗಿಸಿ "ಹೇಗಿದ್ದೀಯಣ್ಣ" ಎಂದರೆ, "ಬಿಡಪ್ಪ, ಮಳೆ ಬಂದಿತ್ತು, ನೀನೇನು ಮಾಡ್ತೀಯ" ಅನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮಳೆ ಏನು ಮಾಡಿತು ಪಾಪ, 75ರಲ್ಲಿ ಹೋಗು ಎಂದು ಅದು ಹೇಳಿತ್ತಾ?

ಆಮೇಲೆ ಕೂತು ಲೆಕ್ಕ ಹಾಕಿದೆ. 80ರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗುತ್ತದೆ. ಎದುರಿಗೆ ಏನೋ ಕಂಡು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಆ ಒಂದು ಸೆಕೆಂಡ್ ಮುಗಿದಿರುತ್ತದೆ. ಬ್ರೇಕ್ ಒತ್ತಿದ ಮೇಲೆ, ಟೈರ್ ಚೆನ್ನಾಗಿದ್ದರೆ, ಒಣ ರಸ್ತೆಯಲ್ಲಿ ಸುಮಾರು 35 ಮೀಟರಿಗೆ ನಿಲ್ಲಬಹುದು. ಒದ್ದೆ ರಸ್ತೆಯಲ್ಲಿ ಅದೇ 60 ಮೀಟರ್ ದಾಟುತ್ತದೆ. ಅದೇ ಒದ್ದೆ ರಸ್ತೆಯಲ್ಲಿ 50ರಲ್ಲಿ ಹೋಗಿದ್ದರೆ 25 ಮೀಟರ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಆವತ್ತು ನನಗೂ ಆ ಅಣ್ಣನಿಗೂ ನಡುವೆ ಐವತ್ತು ಮೀಟರಿನಷ್ಟು ಜಾಗ ಇತ್ತು. ನಿಧಾನವಾಗಿ ಬಂದಿದ್ದರೆ ಧಾರಾಳವಾಗಿ ಸಾಕಾಗುತ್ತಿತ್ತು.

ನೀರು ನಿಂತ ಕಡೆ ಇನ್ನೂ ಕಷ್ಟ. ಟೈರಿನ ಗೆರೆಗಳಿರುವುದು ನೀರನ್ನು ಆಚೆ ತಳ್ಳಲು. ಸ್ಪೀಡ್ ಜಾಸ್ತಿಯಾದರೆ ತಳ್ಳಲು ಪುರುಸೊತ್ತು ಸಿಗುವುದಿಲ್ಲ, ಟೈರ್ ನೀರಿನ ಮೇಲೆ ತೇಲುತ್ತದೆ. ಆಗ ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ, ಬ್ರೇಕ್ ಒತ್ತಿದರೂ ಕೇಳುವುದಿಲ್ಲ. ಗಾಳಿ ಕಮ್ಮಿಯಿದ್ದರೆ, ಟೈರ್ ಸವೆದು ನೈಸ್ ಆಗಿದ್ದರೆ ಇದು ಇನ್ನೂ ಕಡಿಮೆ ಸ್ಪೀಡಿನಲ್ಲೇ ಆಗುತ್ತದೆ. ಕಾರಿನ ಟೈರಿನ ಗೆರೆ ಕನಿಷ್ಠ 1.6 ಮಿಲಿಮೀಟರ್ ಆಳ ಇರಬೇಕೆಂದು ನಿಯಮವಿದೆ. ನಮ್ಮ ಬಾಡಿಗೆ ಗಾಡಿಗಳನ್ನು ಮಳೆಗಾಲಕ್ಕೆ ಮುಂಚೆ ಒಂದು ಸಲ ನಿಲ್ಲಿಸಿ ನೋಡಿಸಿ, ಎಷ್ಟು ಟೈರ್ ಬೋಳಾಗಿವೆ ಎಂದು ತಮಗೇ ಗೊತ್ತಾಗುತ್ತದೆ.

ನಮ್ಮ ಜಿಲ್ಲೆಗೆ ಇನ್ನೊಂದು ತೊಂದರೆ ಇದೆ. ಇದು ಬರ ಕಂಡ ನಾಡು, ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಮಲೆನಾಡಿನ ಡ್ರೈವರ್‌ಗೆ ತಿಂಗಳುಗಟ್ಟಲೆ ಒದ್ದೆ ರಸ್ತೆ, ಅವನ ಕಾಲಿಗೆ ಅದರ ಅಭ್ಯಾಸವಿದೆ. ನಮಗಿಲ್ಲ. ವರ್ಷದ ಬಹುಪಾಲು ಒಣ ರಸ್ತೆಯಲ್ಲೇ ಓಡಿಸುತ್ತೇವೆ. ಮಳೆ ಬಂದರೆ ಖುಷಿಯಾಗುತ್ತದೆ, ಕೆರೆ ತುಂಬಲಿ ಎಂದು ಕೈ ಮುಗಿಯುತ್ತೇವೆ, ಆದರೆ ಕಾಲು ಮಾತ್ರ ಆಕ್ಸಿಲರೇಟರ್ ಮೇಲೆ ಹಾಗೇ ಇರುತ್ತದೆ. ಜೊತೆಗೆ, ತುಂಬ ದಿನ ಮಳೆಯಿಲ್ಲದೆ ರಸ್ತೆ ಮೇಲೆ ಆಯಿಲ್, ಧೂಳು, ಟೈರಿನ ಪುಡಿ ಎಲ್ಲ ಕೂತಿರುತ್ತದೆ. ಮೊದಲ ಮಳೆಯ ಮೊದಲ ಹತ್ತು ನಿಮಿಷ ಅದೆಲ್ಲ ಕಲಸಿಕೊಂಡು ಜಾರುತ್ತದೆ. ಕ್ರಷರ್ ಕಡೆಯಿಂದ ಬರುವ ಟಿಪ್ಪರ್‌ಗಳು ಟಾರ್ಪಾಲು ಕಟ್ಟದೆ ಜಲ್ಲಿಪುಡಿ, ಎಂ-ಸ್ಯಾಂಡ್ ಚೆಲ್ಲಿಕೊಂಡು ಹೋಗಿರುತ್ತವಲ್ಲ, ಅದು ನೆನೆದರೆ ಬೈಕಿನವರಿಗೆ ನೇರ ಗಂಡಾಂತರ.

ಇಲ್ಲಿ ಮಳೆ ಹೆಚ್ಚಾಗಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಅದೂ ಬಹಳ ಸಲ ಸಂಜೆ. ಅದೇ ಹೊತ್ತಿಗೆ ಹಳ್ಳಿಗಳಲ್ಲಿ ಡೇರಿಗೆ ಹಾಲು ಹಾಕುವ ಸಮಯ. ಕ್ಯಾನು ಹಿಡಿದ ಹೆಂಗಸರು, ಸೈಕಲ್ ಮೇಲೆ ಮಕ್ಕಳು, ಎಲ್ಲ ಹೆದ್ದಾರಿ 69ನ್ನು ದಾಟುತ್ತಿರುತ್ತಾರೆ. ತಲೆ ಮೇಲೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡವರಿಗೆ ಪಕ್ಕದಿಂದ ಬರುವ ಗಾಡಿ ಕಾಣುವುದಿಲ್ಲ. ಗ್ಲಾಸಿನ ಮೇಲೆ ನೀರು ಹರಿಯುವಾಗ ನಮಗೆ ಅವರು ಕಾಣುವುದಿಲ್ಲ.

2023ರ ಅಕ್ಟೋಬರ್ 26ರ ಬೆಳಗ್ಗೆ ಚಿಕ್ಕಬಳ್ಳಾಪುರದ ಹತ್ತಿರ ಹೆದ್ದಾರಿ 44ರಲ್ಲಿ ನಿಂತಿದ್ದ ಟ್ಯಾಂಕರಿಗೆ ಸುಮೊ ಗುದ್ದಿ 13 ಜನ ಹೋದರು. ಅವತ್ತು ಇದ್ದದ್ದು ಮಂಜು, ಮಳೆಯಲ್ಲ. ಆದರೂ ಈ ಪತ್ರದಲ್ಲಿ ಅದನ್ನು ನೆನೆಯದೆ ಇರಲಾರೆ. ಕಣ್ಣಿಗೆ ಕಾಣುವ ದೂರಕ್ಕಿಂತ ಗಾಡಿ ನಿಲ್ಲಲು ಬೇಕಾದ ದೂರ ಜಾಸ್ತಿಯಾದರೆ ಮಂಜಾದರೂ ಒಂದೇ, ಮಳೆಯಾದರೂ ಒಂದೇ.

ಈಗ ನನ್ನ ಕೋರಿಕೆಗೆ ಬರುತ್ತೇನೆ. ಆ ದಿನದಿಂದ ನಾನು ಮಳೆಯಲ್ಲಿ 50 ದಾಟುವುದಿಲ್ಲ. ಆದರೆ ಹಾಗೆ ಹೋಗುವುದು ಎಷ್ಟು ಕಷ್ಟ ಗೊತ್ತಾ? ಹಿಂದಿನಿಂದ ಹಾರ್ನ್, ಹೆಡ್‌ಲೈಟ್ ಡಿಮ್ಮು ಡಿಪ್ಪು. ಪಕ್ಕದಲ್ಲಿ ಹೋಗುವಾಗ ಗ್ಲಾಸ್ ಇಳಿಸಿ ಬೈಗುಳ. ಮಂಡಿಯವರ ಫೋನು, "ಎಲ್ಲಿದ್ದೀಯೋ" ಎಂದು. ನಿಧಾನ ಹೋಗುವವನೇ ತಪ್ಪಿತಸ್ಥ ಅನ್ನೋ ಹಾಗೆ. ನನ್ನ ಪರವಾಗಿ ರಸ್ತೆಯಲ್ಲಿ ಒಂದೇ ಒಂದು ಬೋರ್ಡಿಲ್ಲ. 2018ರ ಕೇಂದ್ರದ ಅಧಿಸೂಚನೆ ನಾಲ್ಕು ಪಥದ ರಸ್ತೆಯಲ್ಲಿ ಕಾರಿಗೆ 100ರವರೆಗೆ ಬಿಟ್ಟಿದೆ. ರಸ್ತೆ ಒಣಗಿದ್ದರೂ ಅಷ್ಟೇ, ನೆನೆದಿದ್ದರೂ ಅಷ್ಟೇ. "ನಿಧಾನವಾಗಿ ಚಲಿಸಿ" ಎಂದು ಅಲ್ಲಲ್ಲಿ ಬರೆದಿದೆ, ಸರಿ. ಆದರೆ ಎಷ್ಟು ನಿಧಾನ? ಒಬ್ಬನಿಗೆ 90 ನಿಧಾನ, ಇನ್ನೊಬ್ಬನಿಗೆ 40. ಫ್ರಾನ್ಸಿನಲ್ಲಿ ದೊಡ್ಡ ಹೆದ್ದಾರಿಗಳಿಗೆ ಎರಡು ಮಿತಿ ಇಟ್ಟಿದ್ದಾರೆ, ಒಣಗಿದ್ದರೆ 130, ಮಳೆ ಬಂದರೆ 110. ನಮಗೂ ಹಾಗೇ ಒಂದು ಅಂಕಿ ಬೇಕು. "ಮಳೆಯಲ್ಲಿ 50" ಎಂದು ದೊಡ್ಡದಾಗಿ, ಕನ್ನಡದಲ್ಲಿ, ಜೊತೆಗೆ ತೆಲುಗಿನಲ್ಲೂ, ರಾತ್ರಿ ಬೆಳಕು ಬಿದ್ದರೆ ಹೊಳೆಯುವ ಬೋರ್ಡು. ಹೆದ್ದಾರಿ 44ಕ್ಕೆ ಎಷ್ಟಿರಬೇಕೆಂದು ಎಂಜಿನಿಯರ್‌ಗಳು ಹೇಳಲಿ. ಹಳ್ಳಿಗಳ ನಡುವೆ ಹಾಯುವ 69ರಲ್ಲಿ 50ಕ್ಕಿಂತ ಜಾಸ್ತಿ ಬೇಡ ಎಂಬುದು ನನ್ನ ಅನುಭವ.

ಇದಕ್ಕೆ ಕಾನೂನಿನಲ್ಲಿ ದಾರಿಯಿದೆ. ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ ಪ್ರಕಾರ, ಜನರ ಸುರಕ್ಷತೆಗಾಗಿ ಒಂದು ರಸ್ತೆಯಲ್ಲಿ ವೇಗ ಕಡಿಮೆ ಮಾಡಲು ರಾಜ್ಯ ಸರ್ಕಾರಕ್ಕೆ, ಅದು ಅಧಿಕಾರ ಕೊಟ್ಟವರಿಗೆ ಅವಕಾಶವಿದೆ. ಒಂದು ತಿಂಗಳು ಮೀರದ ನಿರ್ಬಂಧವಾದರೆ ಅಧಿಸೂಚನೆ ಕೂಡ ಬೇಕಿಲ್ಲ. ಅಕ್ಟೋಬರ್ ಒಂದು ತಿಂಗಳು ಮಾಡಿ ನೋಡಬಹುದಲ್ವಾ?

ಇನ್ನೊಂದು ಮಾತು, ಇದು ಬೋರ್ಡಿಗಿಂತ ಮುಖ್ಯ ಅನಿಸುತ್ತದೆ. ನಾವು ಸುಮ್ನೆ ಶೋಕಿಗೆ ಓಡಿಸುವುದಿಲ್ಲ. ನೆನೆದ ಹೂವು ಬೇಗ ಕೊಳೆಯುತ್ತದೆ, ಅದಕ್ಕೇ ಮಳೆಯ ದಿನವೇ ರೈತನಿಗೆ ಅವಸರ ಜಾಸ್ತಿ. ಮಾರುಕಟ್ಟೆಗೆ ತಡವಾದರೆ ರೇಟು ಬೀಳುತ್ತದೆ, ನಮ್ಮ ಬಾಡಿಗೆಯಲ್ಲಿ ಕಡಿತವಾಗುತ್ತದೆ. ರಸ್ತೆ ಜಾರುವ ದಿನವೇ ನಮ್ಮನ್ನು ಓಡಿಸುವವರು ಜಾಸ್ತಿ. ರಾತ್ರಿ ಜೋರು ಮಳೆ ಬಿದ್ದರೆ ಮಾರನೇ ಬೆಳಗ್ಗೆ ಹೂವಿನ, ತರಕಾರಿಯ ವ್ಯಾಪಾರ ಒಂದು ಗಂಟೆ ತಡವಾಗಿ ಶುರುವಾಗಲಿ. ವರ್ತಕರನ್ನೂ ರೈತರನ್ನೂ ಕರೆಸಿ ತಾವು ಮಾತಾಡಿದರೆ ಆಗದ ಕೆಲಸವಲ್ಲ. ಎಲ್ಲರಿಗೂ ಒಂದೇ ಗಂಟೆ ತಡವಾದರೆ ಯಾರಿಗೂ ನಷ್ಟವಿಲ್ಲ.

ಬೋರ್ಡು ಎಲ್ಲೆಲ್ಲಿ ಬೇಕು, ಎಲ್ಲಿ ನೀರು ನಿಲ್ಲುತ್ತದೆ, ಯಾವ ತಿರುವಿನಲ್ಲಿ ಜಲ್ಲಿಪುಡಿ ಬಿದ್ದಿರುತ್ತದೆ ಎಂಬುದು ನಮ್ಮ ಡ್ರೈವರ್‌ಗಳಿಗೆಲ್ಲ ಬಾಯಿಪಾಠ. ಸಮಿತಿಯ ಮುಂದಿನ ಸಭೆಗೆ ನಮ್ಮಲ್ಲಿ ಇಬ್ಬರನ್ನು ಕರೆಯಿರಿ. ಆ ಅಣ್ಣನನ್ನೂ ಕೇಳಿದ್ದೇನೆ, ಡೇರಿಗೆ ಹಾಲು ಹಾಕಿ ಬಂದ ಮೇಲಾದರೆ ಬರುತ್ತೇನೆ ಎಂದಿದ್ದಾರೆ.

ಇಂತಿ,
ಶಿಡ್ಲಘಟ್ಟ ತಾಲ್ಲೂಕಿನ ಒಬ್ಬ ಪಿಕಪ್ ಡ್ರೈವರ್