ಊರಿನ ಕರಿ ಹಂದಿಗೆ ಬೇಕಿರುವುದು ಬೇರೆ ಬೇರೆ ರಕ್ತದ ಗಂಡು

ಮಾನ್ಯ ಸಂಪಾದಕರೇ,

ಕೊಡಗಿನ ಕಿತ್ತಳೆಗೂ ಅರೇಬಿಕಾ ಕಾಫಿಗೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಹಂದಿ ಮಾಂಸದ ಅಡುಗೆಯಾದ ಪಂದಿ ಕರಿಯ ಹೆಸರಂತೂ ಹೋಂಸ್ಟೇಗಳ ಫಲಕಗಳಲ್ಲೆಲ್ಲ ಇದೆ. ಆದರೆ ಆ ಅಡುಗೆಗೆ ಮಾಂಸ ಕೊಡುತ್ತಿದ್ದ ಊರಿನ ಕರಿ ಹಂದಿ ನಮ್ಮ ಜಿಲ್ಲೆಯಲ್ಲಿ ಎಷ್ಟು ಉಳಿದಿದೆ, ಅದರಲ್ಲಿ ಗಂಡು ಎಷ್ಟು ಎಂದು ಹೇಳಬಲ್ಲವರನ್ನು ನಾನು ಇದುವರೆಗೆ ಕಂಡಿಲ್ಲ.

ಕುಟ್ಟದ ಸಮೀಪ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಅತ್ತೆಯವರ ಕಾಲದಿಂದಲೂ ಹಿತ್ತಲಿನಲ್ಲಿ ಕರಿ ಹಂದಿ ಸಾಕುತ್ತಿದ್ದೇವೆ. ಮದುವೆ, ನಾಮಕರಣಗಳಿಗೆ ಪಂದಿ ಕರಿ ಮಾಡಿಕೊಡುವುದು ನನ್ನ ಜೀವನೋಪಾಯ. ಈಗ ಹೆಚ್ಚಾಗಿ ಬಿಳಿ ಯಾರ್ಕ್‌ಷೈರ್ ಹಂದಿಯ ಮಾಂಸವೇ ಪಾತ್ರೆಗೆ ಬರುತ್ತದೆ. ಎಷ್ಟೋ ಸಲ ಅದು ಒಲೆಯ ಮೇಲೆ ಏರುತ್ತಲೇ ನೀರು ಬಿಡುತ್ತದೆ. ಮಸಾಲೆ ಹಿಡಿಯುವ ಮೊದಲೇ ತುಂಡು ಕುಗ್ಗಿ, ಕೊನೆಗೆ ಕಾಚಂಪುಳಿ ಎಂಬ ಕಪ್ಪು ಹುಳಿ ಹಾಕುವ ಹೊತ್ತಿಗೆ ನಾರುನಾರಾಗಿರುತ್ತದೆ. ಕರಿ ಹಂದಿಯ ತುಂಡಿನಲ್ಲಿ ಚರ್ಮ, ಕೊಬ್ಬು, ಮಾಂಸ ಮೂರೂ ಕೊನೆಯವರೆಗೆ ಒಂದನ್ನೊಂದು ಬಿಡುವುದಿಲ್ಲ.

ಇದು ಬರೀ ನಾಲಿಗೆಯ ಅಭ್ಯಾಸವಲ್ಲ. ಬೇಗ ಬೆಳೆಯಲಿ, ಕೊಬ್ಬು ಕಡಿಮೆ ಇರಲಿ ಎಂದು ಹಲವು ತಲೆಮಾರು ಆರಿಸುತ್ತಾ ಬಂದ ತಳಿಗಳಲ್ಲಿ ಬೆನ್ನಿನ ಕೊಬ್ಬಿನ ಜೊತೆಗೆ ಮಾಂಸದ ಎಳೆಗಳ ನಡುವಿನ ಕೊಬ್ಬೂ ಕರಗಿಹೋಯಿತು. ಬೆಂದ ಮಾಂಸಕ್ಕೆ ರಸ ಮತ್ತು ಮೃದುತ್ವ ಕೊಡುವುದರಲ್ಲಿ ಆ ಒಳಗಿನ ಕೊಬ್ಬಿನ ಪಾಲು ದೊಡ್ಡದು. ಕೆಲವು ವಿದೇಶಿ ತಳಿಗಳಲ್ಲಿ ಇನ್ನೊಂದು ದೋಷವಿದೆ. ಕಡಿಯುವ ಮುಂಚೆ ಹೆದರಿದರೆ ದೇಹ ಬಿಸಿಯಿರುವಾಗಲೇ ಮಾಂಸದಲ್ಲಿ ಆಮ್ಲ ಏರಿ, ಬಣ್ಣ ಬಿಳಿಚಿಕೊಂಡು, ನೀರು ಸೋರುತ್ತದೆ. ಇದಕ್ಕೆ ಕಾರಣವಾದ ಜೀನನ್ನೂ ವಿಜ್ಞಾನಿಗಳು ಗುರುತಿಸಿದ್ದಾರೆ. ಹಾಗೆಂದು ಎಲ್ಲವನ್ನೂ ತಳಿಯ ಲೆಕ್ಕಕ್ಕೆ ಬರೆಯಲಾರೆ. ಹಂದಿ ತಿಂದ ಮೇವಿನ ಕೊಬ್ಬು ಬಹುಮಟ್ಟಿಗೆ ಹಾಗೆಯೇ ಅದರ ಮೈ ಸೇರುತ್ತದೆ. ಹೋಟೆಲಿನ ಎಣ್ಣೆ ತಿಂಡಿಯ ಉಳಿಕೆ ತಿಂದು ಬೆಳೆದ ಕರಿ ಹಂದಿಯ ಕೊಬ್ಬೂ ಮೆತ್ತಗೇ ಇರುತ್ತದೆ. ಕೆಸು, ಗೆಣಸು, ಬಾಳೆದಿಂಡು, ಬಿದ್ದ ಹಲಸಿನ ಹಣ್ಣು ತಿಂದು ನಿಧಾನವಾಗಿ ಬಲಿತ ಹಂದಿಯೇ ಬೇರೆ. ಆದರೆ ಅಂಥ ಮೇವಿನಲ್ಲಿ ಬಾಳಿ ಮರಿ ಹಾಕುವ ಶಕ್ತಿ ಊರಿನ ಹಂದಿಗಿದೆ, ಚೀಲದ ಮೇವಿಗೆ ಹೊಂದಿಕೊಂಡ ತಳಿಗಿಲ್ಲ.

ನನಗೆ ನಿಜವಾಗಿ ಆತಂಕ ತಂದಿರುವುದು ಗಂಡು ಹಂದಿಯ ವಿಷಯ. ಗಂಡು ಸಾಕುವುದು ಖರ್ಚು, ಕಷ್ಟ ಎಂದು ಎಲ್ಲರೂ ಎಳೆಯದರಲ್ಲೇ ಬೀಜ ತೆಗೆಸುತ್ತಾರೆ. ನಮ್ಮ ಸುತ್ತಮುತ್ತ ಹೆಣ್ಣು ಬೆದೆಗೆ ಬಂದಾಗ ಒಂದೇ ಮನೆಯ ಗಂಡಿನ ಬಳಿಗೆ ಹೋಗಬೇಕು, ಅದು ಹೋದರೆ ಅದರದೇ ಮಗನ ಬಳಿಗೆ. ಹಿಂದೆ ಆರೇಳು ಮರಿ ಹಾಕುತ್ತಿದ್ದ ಮನೆತನದ ಹಂದಿಗಳು ಈಗ ಮೂರು ನಾಲ್ಕಕ್ಕೆ ನಿಲ್ಲುತ್ತಿವೆ, ಮರಿಗಳೂ ಸೊರಗಿರುತ್ತವೆ. ತಳಿಶಾಸ್ತ್ರದಲ್ಲಿ ಇದಕ್ಕೊಂದು ಲೆಕ್ಕವಿದೆ. ಮರಿ ಹಾಕುವ ಹೆಣ್ಣುಗಳ ಸಂಖ್ಯೆಯನ್ನು ಗಂಡುಗಳ ಸಂಖ್ಯೆಯಿಂದ ಗುಣಿಸಿ, ಅದನ್ನು ನಾಲ್ಕು ಪಟ್ಟು ಮಾಡಿ, ಹೆಣ್ಣು ಗಂಡುಗಳ ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. 50 ಹೆಣ್ಣಿಗೆ ಒಂದೇ ಗಂಡಿದ್ದರೆ ಬರುವ ಉತ್ತರ ಸುಮಾರು 4. ಕಣ್ಣಿಗೆ 51 ಹಂದಿ ಕಂಡರೂ ವಂಶದ ವೈವಿಧ್ಯ ನಾಲ್ಕರಷ್ಟೇ. ಅದೇ 50ಕ್ಕೆ ಹತ್ತು ಗಂಡಿದ್ದರೆ ಉತ್ತರ 33. ಹೆಣ್ಣು ಹಂದಿ ಹೆಚ್ಚಿಸದೆಯೇ ಇಷ್ಟು ಗಳಿಸಬಹುದು.

ಇದಕ್ಕೆ ಕಾಲಾವಕಾಶ ಹೆಚ್ಚಿಲ್ಲ. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲಗಳಲ್ಲಿ ಕಾಣಿಸಿಕೊಂಡು 2022ರಲ್ಲಿ ಕೇರಳದ ವಯನಾಡಿಗೆ ಬಂದಿತು. ವಯನಾಡು ಎಂದರೆ ನಮ್ಮ ಬೇಲಿಯಾಚೆ. ಈ ರೋಗಕ್ಕೆ ಔಷಧವಿಲ್ಲ. ರೋಗ ಕಂಡ ಜಾಗದಿಂದ ಒಂದು ಕಿಲೋಮೀಟರ್ ವ್ಯಾಪ್ತಿಯ ಎಲ್ಲ ಹಂದಿಗಳನ್ನೂ ಕೊಲ್ಲಬೇಕೆಂಬುದು ನಿಯಮ, ಅದು ಸರಿಯೂ ಹೌದು. ಬಿಳಿ ಹಂದಿ ಸತ್ತರೆ ಬೇರೆ ಜಿಲ್ಲೆಯಿಂದ ಮರಿ ತರಬಹುದು. ಒಂದೇ ಊರಿನಲ್ಲಿ ಉಳಿದ ಕರಿ ಹಂದಿಯ ವಂಶ ಹೋದರೆ ಪರಿಹಾರದ ಹಣ ಅದನ್ನು ತಂದುಕೊಡಲಾರದು.

ಹಂಗೇರಿಯ ಮಂಗಲಿತ್ಸಾ ಎಂಬ ಗುಂಗುರು ಕೂದಲಿನ ಹಂದಿ 1990ರ ಸುಮಾರಿಗೆ 200 ಹೆಣ್ಣುಗಳೂ ಇಲ್ಲದ ಸ್ಥಿತಿ ತಲುಪಿತ್ತು. ಅದರ ಮಾಂಸದ ಗುಣ ಬಲ್ಲ ಸ್ಪೇನಿನ ಹ್ಯಾಮ್ ತಯಾರಕರು ಬೆಲೆ ಕೊಟ್ಟು ಕೊಂಡರು, ಸಾಕುವವರು ಮತ್ತೆ ಹುಟ್ಟಿಕೊಂಡರು. ನಮ್ಮ ದೇಶದಲ್ಲೂ ದಾರಿ ತೆರೆದೇ ಇದೆ. ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆ ಬಂಗಾಳದ ಘುಂಗ್ರು, ನಾಗಾಲ್ಯಾಂಡಿನ ತೆನ್ಯಿ ವೋ, ಗೋವಾದ ಅಗೊಂಡ ಹಂದಿಗಳನ್ನು ತಳಿಗಳೆಂದು ನೋಂದಾಯಿಸಿದೆ. ನಮ್ಮ ಮಲೆನಾಡು ಗಿಡ್ಡ ಹಸುವಿಗೂ ಅಲ್ಲಿ ಸ್ಥಾನವಿದೆ. ಕೊಡಗಿನ ಹಂದಿ ಪ್ರತ್ಯೇಕ ತಳಿಯೇ ಎಂಬುದನ್ನು ನನ್ನಂಥವರು ತೀರ್ಮಾನಿಸಲಾಗದು. ಮೈಯಳತೆ ತೆಗೆದು, ರಕ್ತದ ಮಾದರಿ ಪರೀಕ್ಷಿಸಿ ಬಲ್ಲವರು ಹೇಳಲಿ. ಪರೀಕ್ಷಿಸಲು ಹಂದಿಗಳಿರುವಾಗಲೇ ಹೇಳಲಿ.

ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ 100 ಹೆಣ್ಣು, 10 ಗಂಡು ಹಂದಿಗಳ ಘಟಕಕ್ಕೆ 30 ಲಕ್ಷ ರೂಪಾಯಿವರೆಗೆ ಸಹಾಯಧನವಿದೆ. ಎರಡು ಮೂರು ಕರಿ ಹಂದಿ ಕಟ್ಟಿಕೊಂಡಿರುವ ತೋಟದ ಲೈನ್‌ಮನೆಯ ಕಾರ್ಮಿಕರಿಗೆ, ಆದಿವಾಸಿ ಹಾಡಿಗಳ ಕುಟುಂಬಗಳಿಗೆ ಅದು ನಿಲುಕುವುದಿಲ್ಲ, ಆದರೆ ಕರಿ ಹಂದಿಯ ವಂಶ ಉಳಿದಿರುವುದು ಅಂಥವರ ಹಿತ್ತಲುಗಳಲ್ಲೇ. ಅವರ ಪೈಕಿ ಬೀಜದ ಗಂಡು ಸಾಕುವವರಿಗೆ ಮೇವಿನ ವೆಚ್ಚ ಕೊಟ್ಟರೂ ಸಾಕು. ರಕ್ತ ಪರೀಕ್ಷೆ ಮಾಡಿಸಿದ ಗಂಡುಗಳನ್ನು ನಾಪೋಕ್ಲು, ಸೋಮವಾರಪೇಟೆ, ಶ್ರೀಮಂಗಲದ ನಡುವೆ ಅದಲುಬದಲು ಮಾಡುವ ವ್ಯವಸ್ಥೆಯನ್ನು ಪಶುಪಾಲನಾ ಇಲಾಖೆ ಮಾಡಲಿ. ಕೂಡಿಗೆಯ ಸರ್ಕಾರಿ ಫಾರ್ಮಿನಲ್ಲಿ ಒಂದು ಗುಂಪನ್ನು ಪ್ರತ್ಯೇಕವಾಗಿ ಇಡಲಿ.

ಕೈಲ್ ಮುಹೂರ್ತದ ಹಬ್ಬಕ್ಕೆಂದು ಗಂಡು ಮರಿಗಳಿಗೆ ಬೀಜ ತೆಗೆಸುವ ಮುನ್ನ, ಅಪ್ಪಟ ಕರಿ ಹಂದಿ ಸಾಕುವ ಪ್ರತಿ ಮನೆಯವರೂ ಒಂದು ಗಂಡು ಮರಿಯನ್ನು ಬೀಜ ತೆಗೆಸದೆ ಉಳಿಸಿಕೊಂಡು ಹತ್ತಿರದ ಪಶು ಆಸ್ಪತ್ರೆಯಲ್ಲಿ ಅದರ ವಿವರ ಬರೆಸಬೇಕೆಂದು ಕೇಳಿಕೊಳ್ಳುತ್ತೇನೆ. ನಮ್ಮ ಮನೆಯ ಗಂಡು ಹಂದಿಯನ್ನು ಬೇರೆ ಊರಿನ ಗಂಡಿನೊಡನೆ ಬದಲಾಯಿಸಿಕೊಳ್ಳಲು ನಾವು ಸಿದ್ಧರಿದ್ದೇವೆ.

— ಕಾಫಿ ಬೆಳೆಗಾರ್ತಿ, ಕುಟ್ಟ, ದಕ್ಷಿಣ ಕೊಡಗು