ನೀರಿನ ಬಗ್ಗೆ ಕೇಳಿದರೆ ಕೇಸ್ ಹಾಕ್ತಾರಾ?

ಸಂಪಾದಕರಿಗೆ,

ನಾನು ಗೌರಿಬಿದನೂರು ತಾಲ್ಲೂಕಿನವನು. ಮೊನ್ನೆ ನಮ್ಮ ಗ್ರಾಮಸಭೆಯಲ್ಲಿ ನಡೆದದ್ದು ನೋಡಿದ ಮೇಲೆ ಬರೆಯದೆ ಇರಲು ಆಗಲಿಲ್ಲ.

ನಮ್ಮ ಬೀದಿಯ ಅಕ್ಕ ಒಬ್ಬರು ಎದ್ದು ನಿಂತು, ಶುದ್ಧ ನೀರಿನ ಘಟಕ ಕೆಟ್ಟು ಮೂರು ತಿಂಗಳಾಯಿತು, ರಿಪೇರಿ ಯಾವಾಗ ಅಂತ ಕೇಳಿದರು. ಕೈಯಲ್ಲಿ ಬೋರ್‌ವೆಲ್ ನೀರು ಕಾಯಿಸುವ ಪಾತ್ರೆ ಇತ್ತು. ತಳದಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಹಕ್ಕಳೆ. ಫ್ಲೋರೈಡ್ ಕಾಟ ಇರುವ ಸೀಮೆ ನಮ್ಮದು, ಹಲ್ಲು ಕಂದಿಹೋದ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ. ವೇದಿಕೆ ಮೇಲಿದ್ದವರೊಬ್ಬರು "ಸುಮ್ನೆ ಕೂತ್ಕೊಳ್ಳಮ್ಮ, ಎಲ್ಲಾ ನಮಗೆ ಗೊತ್ತು" ಅಂದರು. ಅಕ್ಕ ಮನೆಗೆ ಹೋಗಿ ಪಾತ್ರೆಯ ಫೋಟೊ ತೆಗೆದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಸ್ವಲ್ಪ ಹೊತ್ತಿಗೇ ಫೋನ್ ಬಂತು: "ಡಿಲೀಟ್ ಮಾಡು, ಇಲ್ಲಾಂದ್ರೆ ಪಂಚಾಯ್ತಿ ಮಾನ ಕಳೆದೆ ಅಂತ ಕೇಸ್ ಹಾಕಿಸ್ತೀವಿ." ಅವರು ಡಿಲೀಟ್ ಮಾಡಿಬಿಟ್ಟರು. "ನಮ್ಮಂಥೋರಿಗೆ ಕೋರ್ಟು ಕಚೇರಿ ಯಾಕಪ್ಪ" ಅಂತ ನನ್ನ ಹತ್ತಿರ ಹೇಳುವಾಗ ಅವರ ದನಿ ನಡುಗುತ್ತಿತ್ತು.

ಇದು ನಡೆದದ್ದು ಎಲ್ಲಿ ಅಂತ ಯೋಚಿಸಿ. ವಿದುರಾಶ್ವತ್ಥ ಇರುವ ತಾಲ್ಲೂಕಿನಲ್ಲಿ! ಆ ಅಶ್ವತ್ಥ ಕಟ್ಟೆಯ ನಾಗರಕಲ್ಲುಗಳ ಹತ್ತಿರವೇ 1938ರ ಏಪ್ರಿಲ್ 25ರಂದು ಸ್ವಾತಂತ್ರ್ಯ ಚಳವಳಿಯ ಸಭೆಯ ಮೇಲೆ ಪೊಲೀಸರ ಗುಂಡು ಹಾರಿತು. ಅಲ್ಲಿ ಸೇರಿದ್ದ ಜನ ಕೊಳ್ಳೆ ಹೊಡೆಯಲು ಬಂದಿರಲಿಲ್ಲ. ಧ್ವಜ ಹಾರಿಸಬೇಡಿ, ಸಭೆ ಸೇರಬೇಡಿ ಎಂಬ ಆಜ್ಞೆಯನ್ನು ಮೀರಿದ್ದರು, ಅಷ್ಟೇ. ಸತ್ತವರು 32 ಎಂದು ನಮ್ಮ ಕಡೆ ಹೇಳುತ್ತಾರೆ, ಸರ್ಕಾರಿ ಲೆಕ್ಕ ಅದಕ್ಕಿಂತ ಕಡಿಮೆ. ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು ಮಾತು. ಅದು ಬ್ರಿಟಿಷರು ನೇರವಾಗಿ ಆಳುತ್ತಿದ್ದ ಜಾಗ ಅಲ್ಲ, ಮೈಸೂರು ಸಂಸ್ಥಾನ. ನಮ್ಮವರ ಬಾಯಿ ಮುಚ್ಚಿಸಲು ಹೊರಟವರು ನಮ್ಮವರೇ.

ಅದಕ್ಕೂ 30 ವರ್ಷ ಮೊದಲು, 1908ರಲ್ಲಿ, ಇದೇ ಸಂಸ್ಥಾನ ಪತ್ರಿಕೆಗಳಿಗೆ ಮೂಗುದಾರ ಹಾಕುವ ಕಾಯ್ದೆ ತಂದಾಗ ತಾತಯ್ಯ ಅಂತಲೇ ಹೆಸರಾಗಿದ್ದ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ತಿಲಕರಿಗೆ ರಾಜದ್ರೋಹದ ಕೇಸಿನಲ್ಲಿ ಆರು ವರ್ಷ ಶಿಕ್ಷೆಯಾದದ್ದೂ ಅದೇ ವರ್ಷ. ಇಂಥವರೆಲ್ಲ ಕಷ್ಟಪಟ್ಟ ಮೇಲೆ ನಮಗೆ ಮಾತಾಡುವ ಹಕ್ಕು ಕೊಡುವ ಸಂವಿಧಾನದ 19ನೇ ವಿಧಿ ಸಿಕ್ಕಿತು.

ಆ ಹಕ್ಕಿಗೆ ಮಿತಿ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ. ಗಲಭೆ ಎಬ್ಬಿಸುವ ಮಾತಿಗೆ, ಒಬ್ಬರ ಮೇಲೆ ಸುಳ್ಳು ಹೊರಿಸುವುದಕ್ಕೆ ಕಾನೂನು ಇದೆ, ಇರಬೇಕು ಕೂಡ. ಆದರೆ ಕೆಟ್ಟ ಘಟಕ ಯಾವಾಗ ರಿಪೇರಿ ಅನ್ನುವ ಪ್ರಶ್ನೆ ಇದರಲ್ಲಿ ಯಾವುದಕ್ಕೆ ಸೇರುತ್ತದೆ? "ಪಂಚಾಯ್ತಿ ಮಾನ" ಅಂದರಲ್ಲ, ಅವರಿಗೆ ಒಂದು ವಿಷಯ ತಿಳಿಸಬೇಕು. 1994ರಲ್ಲಿ ಆರ್. ರಾಜಗೋಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದೆ: ಸರ್ಕಾರವಾಗಲಿ ಸ್ಥಳೀಯ ಸಂಸ್ಥೆಯಾಗಲಿ, ತನ್ನ ಮಾನ ಹೋಯಿತು ಅಂತ ಪರಿಹಾರ ಕೇಳಿ ದಾವೆ ಹಾಕುವಂತಿಲ್ಲ. ಇನ್ನು ಯಾರಿಗೋ ಕಿರಿಕಿರಿಯಾಗುವಂಥದ್ದು ಫೋನಿನಲ್ಲಿ ಕಳಿಸಿದರೂ ಮೂರು ವರ್ಷದವರೆಗೆ ಜೈಲಿಗೆ ಹಾಕಬಹುದಾಗಿದ್ದ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ಎ ಸೆಕ್ಷನ್, ಅದನ್ನು ಇದೇ ಕೋರ್ಟ್ 2015ರ ಮಾರ್ಚ್ 24ರಂದು ಪೂರ್ತಿ ತೆಗೆದುಹಾಕಿತು. ಸೆಕ್ಷನ್ ಹೋಯಿತು, ಅದರ ಹೆದರಿಕೆ ಹಳ್ಳಿಗಳಿಂದ ಇನ್ನೂ ಹೋಗಿಲ್ಲ. ಬೆಂಗಳೂರಿನಲ್ಲಿ ಟಿವಿ ಮುಂದೆ ಕೂತವರಿಗೆ ವಕೀಲರು ಸಿಗುತ್ತಾರೆ. ನಮ್ಮ ಅಕ್ಕನಿಗೆ ಒಂದು ಫೋನ್ ಕಾಲೇ ಸಾಕಾಯಿತು, ಅಲ್ವಾ?

ಗ್ರಾಮಸಭೆ ಇರುವುದೇ ಕೇಳುವುದಕ್ಕೆ. ಯಾರು ಏನು ಕೇಳಿದರು ಅಂತ ನಡಾವಳಿ ಪುಸ್ತಕದಲ್ಲಿ ಬರೆಯಬೇಕು, ಉತ್ತರವನ್ನೂ ಬರೆಯಬೇಕು. ನಾನು ಹೋಗಿ ನೋಡಿದೆ, ಅಕ್ಕನ ಪ್ರಶ್ನೆ ಆ ಪುಟದಲ್ಲಿ ಇಲ್ಲ. ಮುಂದಿನ ಸಭೆಗೆ ಅವರು ಅದೇ ಪಾತ್ರೆ ಹಿಡಿದು ಬರುತ್ತೇನೆ ಅಂದಿದ್ದಾರೆ. ನಾವು ಒಂದಷ್ಟು ಜನ ಅವರ ಪಕ್ಕದಲ್ಲೇ ಕೂರುತ್ತೇವೆ. ಪ್ರಶ್ನೆ ಪುಸ್ತಕಕ್ಕೆ ಏರುವ ತನಕ ಏಳುವುದಿಲ್ಲ.

– ಒಬ್ಬ ಓದುಗ,
ಗೌರಿಬಿದನೂರು ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ