ಕತ್ತರಿಗೆ ಏಟು ಕಂಡಿತು, ಮಾತು ಕಾಣಲಿಲ್ಲ

ಸಂಪಾದಕರೇ,

ನಮ್ಮ ರಂಗಮಂದಿರದ ಮೂರು ದಿನದ ‘ಹಳೆಯ ಪ್ರೇಮ ಹಾಸ್ಯಚಿತ್ರ’ಗಳ ಪ್ರದರ್ಶನದ ಬಗ್ಗೆ ಸೋಮವಾರ ನಿಮ್ಮಲ್ಲಿ ಬಂದ ವರದಿ ನೋಡಿ ಮೈ ಉರಿಯಿತು. ‘ನಕ್ಕು ನಲಿದ ಪ್ರೇಕ್ಷಕರು’ ಅಂತೆ! ನಿಮ್ಮ ವರದಿಗಾರರು ಹಾರ ತುರಾಯಿ ಮುಗಿದ ಕೂಡಲೇ ಎದ್ದು ಹೋಗಿರಬೇಕು. ಈ ಕಾಲಕ್ಕೆ ಸಲ್ಲದ ದೃಶ್ಯಗಳನ್ನೆಲ್ಲ ತೆಗೆದು ‘ಶುದ್ಧಗೊಳಿಸಿ’ ತೋರಿಸಿದ್ದೇವೆ ಎಂಬ ಅಧಿಕಾರಿಗಳ ಹೇಳಿಕೆಯನ್ನು ಮಾತ್ರ ಚೌಕಟ್ಟು ಕಟ್ಟಿ ಹಾಕಿದ್ದೀರಿ. ಆ ಶುದ್ಧಿ ಎಂಥದ್ದೆಂದು ಕೊನೆತನಕ ಸೊಳ್ಳೆ ಕಚ್ಚಿಸಿಕೊಂಡು ಕೂತವರನ್ನು ಕೇಳಬೇಕಿತ್ತು.

ಮೊದಲ ದಿನ ‘ಇಟ್ ಹ್ಯಾಪನ್ಡ್ ಒನ್ ನೈಟ್’. ಫ್ರಾಂಕ್ ಕಾಪ್ರಾ ನಿರ್ದೇಶನದ ಇದು ಚಿತ್ರ, ನಿರ್ದೇಶನ, ನಟ, ನಟಿ, ಚಿತ್ರಕಥೆ, ಈ ಐದೂ ಆಸ್ಕರ್‌ಗಳನ್ನು ಒಟ್ಟಿಗೆ ಬಾಚಿದ ಮೊದಲ ಸಿನಿಮಾ. ಬಿಡುಗಡೆಯಾದದ್ದು 1934ರ ಫೆಬ್ರುವರಿಯಲ್ಲಿ. ಹಾಲಿವುಡ್‌ನಲ್ಲಿ ತೆರೆಯ ಮೇಲೆ ಏನು ತೋರಿಸಬಾರದೆಂಬ ನೀತಿಸಂಹಿತೆಯ ಕಟ್ಟುನಿಟ್ಟು ಶುರುವಾದದ್ದು ಅದೇ ವರ್ಷದ ಜುಲೈಯಲ್ಲಿ, ಹಾಗಾಗಿ ಚಿತ್ರ ಅಲ್ಲಿ ಪಾರಾಗಿತ್ತು. 90 ವರ್ಷ ಕಳೆದ ಮೇಲೆ ನಮ್ಮ ವಾರ್ಡಿನಲ್ಲಿ ಸಿಕ್ಕಿಬಿತ್ತು.

ಕತೆ ಶುರುವಾಗುವುದೇ ಒಂದು ಏಟಿನಿಂದ. ವಿಹಾರ ನೌಕೆಯಲ್ಲಿ ಹಟ ಹಿಡಿದ ಮಗಳು ಊಟದ ತಟ್ಟೆ ಬೀಳಿಸುತ್ತಾಳೆ, ಅಪ್ಪ ಕೆನ್ನೆಗೆ ಬಾರಿಸುತ್ತಾನೆ, ಅವಳು ಓಡಿಹೋಗಿ ಸಮುದ್ರಕ್ಕೆ ಧುಮುಕುತ್ತಾಳೆ. ನಮ್ಮವರು ಅದನ್ನು ಕತ್ತರಿಸಿ ಎಸೆದರು. ಅಪ್ಪ ಊಟ ಮಾಡಮ್ಮ ಅನ್ನುತ್ತಾನೆ, ಮಗಳು ನೀರಿಗೆ ಹಾರುತ್ತಾಳೆ. ಅಡುಗೆ ಅಷ್ಟೊಂದು ಕೆಟ್ಟಿತ್ತಾ ಎಂದು ಹಿಂದಿನ ಸಾಲಿನಲ್ಲಿ ಯಾರೋ ಕೇಳಿದರು. ಆ ರಾತ್ರಿ ಜನ ಮನಸಾರೆ ನಕ್ಕಿದ್ದು ಅದೊಂದಕ್ಕೇ.

ಅಷ್ಟಕ್ಕೇ ಮುಗಿಯಲಿಲ್ಲ. 40 ಸೆಕೆಂಡ್ ದೃಶ್ಯ ಕಿತ್ತವರು ಕನ್ನಡ ಸಬ್‌ಟೈಟಲ್ ಕಡತವನ್ನು ಇದ್ದ ಹಾಗೇ ಬಿಟ್ಟಿದ್ದರು. ಕತ್ತರಿಸಿದ ಜಾಗದಿಂದ ಮುಂದೆ ಪ್ರತಿ ಸಾಲೂ ಅಷ್ಟೇ ಸೆಕೆಂಡ್ ಮೊದಲೇ ಬರುವಂತೆ ಸರಿಸಬೇಕು. ಬಿಟ್ಟಿ ಸಿಗುವ ತಂತ್ರಾಂಶದಲ್ಲಿ ಎರಡು ನಿಮಿಷದ ಕೆಲಸ. ಮಾಡಲಿಲ್ಲವಾದ್ದರಿಂದ ಚಿತ್ರವಿಡೀ ಮಾತು ಮುಂದೆ, ಅಕ್ಷರ ಹಿಂದೆ. ಓಡಿಬಂದ ಆ ಮಗಳೊಂದಿಗೆ ಒಂದೇ ಕೋಣೆಯಲ್ಲಿ ರಾತ್ರಿ ಕಳೆಯಬೇಕಾದ ನಾಯಕ ಕ್ಲಾರ್ಕ್ ಗೇಬಲ್ ಎರಡು ಮಂಚಗಳ ನಡುವೆ ಹಗ್ಗ ಕಟ್ಟಿ ಕಂಬಳಿ ಇಳಿಬಿಟ್ಟು ಅದಕ್ಕೆ ಬೈಬಲ್‌ನ ಜೆರಿಕೋ ಗೋಡೆ ಎಂದು ಹೆಸರಿಡುವ ದೃಶ್ಯ ಇಡೀ ಚಿತ್ರದ ಜೀವ. ಆ ಕಂಬಳಿಯ ಸಂಕೋಚಕ್ಕಾಗಿಯೇ ಜನ ಇವತ್ತಿಗೂ ಇದನ್ನು ನೋಡುವುದು. ಹಿಂದಿಯವರು 1956ರಲ್ಲೊಮ್ಮೆ, 1991ರಲ್ಲೊಮ್ಮೆ ಇದೇ ಎಳೆ ಹಿಡಿದರು. ಪ್ರಾಸಂಗಿಕ ಹಾಸ್ಯಕ್ಕೆ ಅರ್ಧ ಸೆಕೆಂಡ್ ತಪ್ಪಿದರೂ ನಗು ಸಾಯುತ್ತದೆ. ಇಲ್ಲಿ ತಪ್ಪಿದ್ದು 40 ಸೆಕೆಂಡ್!

ಇನ್ನು ಕತ್ತರಿಸದೇ ಬಿಟ್ಟದ್ದು ಯಾವುದು ಗೊತ್ತೇ? ಕೊನೆಯಲ್ಲಿ ನಾಯಕ, ಇವಳಿಗೆ ತಪ್ಪಿರಲಿ ಇಲ್ಲದಿರಲಿ ದಿನಕ್ಕೊಂದು ಗುದ್ದು ಕೊಡುವ ಗಂಡಸು ಬೇಕು ಎಂದು ಅವಳಪ್ಪನಿಗೇ ಹೇಳುತ್ತಾನೆ. ಅದು ಇತ್ತು. ಕೈ ಎತ್ತಲಿಲ್ಲವಲ್ಲ, ಬರೀ ಮಾತು! ಎರಡನೇ ದಿನದ ‘ದಿ ಫಿಲಡೆಲ್ಫಿಯಾ ಸ್ಟೋರಿ’ಯದೂ (1940) ಅದೇ ಗತಿ. ಮೊದಲ ದೃಶ್ಯದಲ್ಲಿ ಕ್ಯಾಥರೀನ್ ಹೆಪ್‌ಬರ್ನ್ ಗಂಡನ ಗಾಲ್ಫ್ ಕೋಲನ್ನು ಮುರಿಯುವುದು, ಕ್ಯಾರಿ ಗ್ರಾಂಟ್ ಅವಳ ಮುಖಕ್ಕೆ ಕೈಯಿಟ್ಟು ನೆಲಕ್ಕೆ ತಳ್ಳುವುದು ಮಾಯ. ಆದರೆ ತಾನು ಬೇರೆ ಹೆಣ್ಣಿನ ಹಿಂದೆ ಹೋದದ್ದಕ್ಕೆ ಮಗಳ ತಣ್ಣನೆಯ ಸ್ವಭಾವವೇ ಕಾರಣ ಎಂದು ಅಪ್ಪ ಉಪದೇಶ ಮಾಡುವ ಭಾಗ ಪೂರ್ತಿ ಇತ್ತು. ಆ ಚಿತ್ರದಲ್ಲಿ ನಿಜಕ್ಕೂ ಹಳಸಿದ್ದು ಅದೇ. ಆ ದಿನವೂ ಅಕ್ಷರ ತಡವಾಗಿಯೇ ಬಂದದ್ದರಿಂದ ಅದು ಯಾರಿಗೂ ಸರಿಯಾಗಿ ಅರ್ಥವಾಗಲಿಲ್ಲ, ಅದೊಂದು ಪುಣ್ಯ.

ಈ ಎರಡೂ ಚಿತ್ರಗಳು ಹೆಚ್ಚುಕಡಿಮೆ ಚೌಕವಾದ 1.37:1 ಅಳತೆಯವು. ಅದನ್ನು ಈಗಿನ ಅಗಲ ತೆರೆಯ 16:9ಕ್ಕೆ ಎಳೆದು ಹಿಗ್ಗಿಸಿದ್ದರಿಂದ ಎಲ್ಲರೂ ಶೇ 30ರಷ್ಟು ದಪ್ಪಗಾದರು. ಪ್ರೊಜೆಕ್ಟರ್ ರಿಮೋಟಿನಲ್ಲಿ ‘ಫುಲ್’ ಇದ್ದದ್ದನ್ನು ‘4:3’ ಮಾಡಿದರೆ ಸಾಕಿತ್ತು. ಹೇಳಿದರೆ, ರಿಮೋಟ್ ಸಾಹೇಬರ ಕಾರಿನಲ್ಲಿದೆ ಎಂಬ ಉತ್ತರ ಬಂತು. ಸಾಹೇಬರು ಭಾಷಣ ಮುಗಿಸಿ ಕಾರು ಹತ್ತಿ ಆಗಿತ್ತು.

ಮೂರನೇ ದಿನ ನಮ್ಮದೇ ‘ನಂಜುಂಡಿ ಕಲ್ಯಾಣ’ (1989). ಶೇಕ್ಸ್‌ಪಿಯರ್‌ನ ಗಯ್ಯಾಳಿ ಪಳಗಿಸುವ ನಾಟಕ ಪರ್ವತವಾಣಿಯವರ ಕೈಯಲ್ಲಿ ಕನ್ನಡದ ನಾಟಕವಾಗಿ, ಅಲ್ಲಿಂದ ತೆರೆಗೆ ಬಂದದ್ದು. 1976ರ ‘ಬಹದ್ದೂರ್ ಗಂಡು’ ಮೇಲೂ ಅದೇ ನೆರಳಿದೆ. ಹೆಣ್ಣಿನ ಸೊಕ್ಕು ಮುರಿಯುವುದೇ ಮದುವೆ ಎನ್ನುವ ಮಾತು ಇವತ್ತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ನಿಜ. ಆದರೆ ಜನ ಬರುವುದು ಆ ಸೊಕ್ಕನ್ನು ನೋಡುವುದಕ್ಕೆ! ಮಾಲಾಶ್ರೀ ಒಂದೇ ಚಿತ್ರಕ್ಕೆ ಮನೆಮಾತಾದದ್ದು ಬಾಗಿದ್ದಕ್ಕಲ್ಲ, ಬಾಗದೆ ನಿಂತಿದ್ದಕ್ಕೆ. ಮಂಜುಳಾ ಗುರುರಾಜ್ ದನಿಯ ಆ ಗುಂಡಿನ ಹಾಡು ಇಂದಿಗೂ ಆರ್ಕೆಸ್ಟ್ರಾಗಳಲ್ಲಿ ಬೇಕೇ ಬೇಕು. ನಮ್ಮ ಶುದ್ಧೀಕರಣದವರು ತೆಗೆದದ್ದು ಆ ಹಾಡನ್ನು. ಹೆಣ್ಣು ಕುಡಿಯುವುದು ಸಂಸ್ಕೃತಿಯಲ್ಲವಂತೆ. ಪಳಗಿಸುವುದು ಮಾತ್ರ ಅಖಂಡವಾಗಿ ಉಳಿಯಿತು. ರುಚಿ ಬಸಿದು ಚೆಲ್ಲಿ ಗಸಿ ಬಡಿಸುವುದೆಂದರೆ ಇದೇ.

ಏಟೂ ಇಲ್ಲದ, ಪಳಗಿಸುವುದೂ ಇಲ್ಲದ ಚಿತ್ರ ಬೇಕಿದ್ದರೆ ‘ಗಣೇಶನ ಮದುವೆ’ (1990) ಇರಲಿಲ್ಲವೇ? ಒಂದೇ ವಠಾರದಲ್ಲಿ ದಿನಾ ಕಾದಾಡುವವಳ ದನಿಗೇ, ಅವಳೆಂದು ತಿಳಿಯದೆ ಅನಂತನಾಗ್ ಮರುಳಾಗುವ ಕತೆ. ಆದರೆ ಆಯ್ಕೆ ಮಾಡಲು ಚಿತ್ರ ನೋಡಿರಬೇಕಲ್ಲ.

ಇದೇನು ಮೊದಲ ಸಲವೇ? ಹೋದ ವರ್ಷ ನಾಟಕೋತ್ಸವದ ನಡುವೆ ಕರೆಂಟ್ ಹೋಗಿ, ಜನರೇಟರ್ ಇದ್ದರೂ ಡೀಸೆಲ್‌ಗೆ ಮಂಜೂರಾತಿ ಇಲ್ಲವೆಂದು ಜನ ಮೊಬೈಲ್ ಬೆಳಕಿನಲ್ಲಿ ಮನೆಗೆ ಹೋದರು. ಚಾವಣಿ ಎರಡು ಮಳೆಗಾಲದಿಂದ ಸೋರುತ್ತಿದೆ. ಕೆರೆ ಏರಿಯ ಬೀದಿದೀಪ ಹಗಲು ಉರಿಯುತ್ತದೆ, ರಾತ್ರಿ ಮಲಗುತ್ತದೆ. ಚೀಟಿ ಕೊಡದೆ 20 ರೂಪಾಯಿ ಪಾರ್ಕಿಂಗ್ ವಸೂಲಿ ಮಾಡುವವರು ಯಾರ ಕಡೆಯವರೋ ಇಂದಿಗೂ ತಿಳಿದಿಲ್ಲ. ಇದಕ್ಕೆಲ್ಲ ಕತ್ತರಿ ಹಾಕಲು ಯಾರಿಗೂ ಪುರುಸೊತ್ತಿಲ್ಲ.

ಮುಂದಿನ ಸಲ ಚಿತ್ರಗಳನ್ನು ಇಡಿಯಾಗಿ ತೋರಿಸಲಿ, ತೋರಿಸುವ ಮೊದಲು ತಿಳಿದವರೊಬ್ಬರು ಐದು ನಿಮಿಷ ಆ ಕಾಲದ ರೀತಿಯ ಬಗ್ಗೆ ಹೇಳಲಿ. ಅಥವಾ ಯಾರೂ ಏನೂ ಹೇಳುವುದು ಬೇಡ, 55 ನಿಮಿಷದ ಭಾಷಣ ಕೇಳಿ ಸಾಕಾಗಿದೆ. ಆಗದಿದ್ದರೆ ಉತ್ಸವವನ್ನೇ ನಿಲ್ಲಿಸಿ ಆ ದುಡ್ಡಲ್ಲಿ ಚಾವಣಿ ಮಾಡಿಸಲಿ. ರಂಗಮಂದಿರದ ಶೌಚಾಲಯದ ಬೀಗದ ಕೀಲಿ ಕೂಡ ಸಾಹೇಬರ ಕಾರಿನಲ್ಲೇ ಇದ್ದರೆ ದಯವಿಟ್ಟು ಕಳಿಸಿಕೊಡಲಿ.

– ಮೂರೂ ದಿನ ಕೊನೆತನಕ ಕೂತಿದ್ದ ಓದುಗ